ಸೆಪ್ಸಿಸ್ ರೋಗಿಯ ಯಕೃತ್ತಿನ ವರದಿಯನ್ನು ಓದುವ ಕ್ರಮ

ಮದ್ದೂರು, ಪಾಂಡವಪುರ, ನಂಜನಗೂಡು, ಹುಣಸೂರಿನ ಕಡೆಗಳಿಂದ ಸೆಪ್ಸಿಸ್ (ಸೋಂಕಿನಿಂದ ಮೈಯೆಲ್ಲ ನಂಜೇರುವ ಸ್ಥಿತಿ) ಆಗಿ ಮೈಸೂರಿನ ಐಸಿಯುಗಳಿಗೆ ಬರುವವರಲ್ಲಿ ಮೂಲ ಸೋಂಕು ಸಾಮಾನ್ಯವಾಗಿ ಶ್ವಾಸಕೋಶದಲ್ಲೋ ಮೂತ್ರನಾಳದಲ್ಲೋ ಹೊಟ್ಟೆಯೊಳಗೋ ಮಧುಮೇಹಿಯ ಕಾಲಿನ ಹುಣ್ಣಿನಲ್ಲೋ ಇರುತ್ತದೆ. ಆದರೂ ಎರಡು ಮೂರು ದಿನ ಕಳೆಯುವಷ್ಟರಲ್ಲಿ ಕೆಲವರ ಕಣ್ಣು ಹಳದಿಯಾಗುತ್ತದೆ, ಎಲ್‌ಎಫ್‌ಟಿ (ಯಕೃತ್ತಿನ ರಕ್ತಪರೀಕ್ಷೆ) ವರದಿಯಲ್ಲಿ ದಪ್ಪಕ್ಷರದ ಅಂಕಿಗಳು ಹೆಚ್ಚುತ್ತವೆ, ಮನೆಯವರು ‘ಗಾಯ ಇರೋದು ಕಾಲಲ್ಲಿ, ಲಿವರ್ ಯಾಕೆ ಕೆಟ್ಟಿತು’ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ‘ನಂಜು ಲಿವರಿಗೂ ಹೋಗಿದೆ’ ಎಂಬ ಉತ್ತರ ಸಿಗುವುದುಂಟು. ಅದು ಪೂರ್ತಿ ತಪ್ಪಲ್ಲವಾದರೂ ಅದರಿಂದ ವರದಿ ಅರ್ಥವಾಗುವುದಿಲ್ಲ. ಬಹಳಷ್ಟು ಸಂದರ್ಭಗಳಲ್ಲಿ ಯಕೃತ್ತಿಗೆ ಪೆಟ್ಟು ಕೊಡುವುದು ಬ್ಯಾಕ್ಟೀರಿಯಾ ನೇರವಾಗಿ ಅಲ್ಲ, ಅದನ್ನು ಹಿಡಿಯಲು ಹೊರಟ ನಮ್ಮದೇ ರಕ್ಷಣಾ ಕೋಶಗಳು ಮತ್ತು ಆ ಹೊತ್ತಿನಲ್ಲಿ ಕುಸಿದ ರಕ್ತಪರಿಚಲನೆ. ವರದಿಯ ಪ್ರತಿ ಅಂಕಿಯ ಎದುರು ‘ಇದು ಯಾವ ಕೋಶದ ಕೆಲಸ, ಕಾಯಿಲೆಯ ಎಷ್ಟನೆಯ ದಿನದ ಕೆಲಸ’ ಎಂದು ಕೇಳಿಕೊಂಡರೆ ಅಂಕಿಗಳು ಬಾಯಿ ಬಿಡುತ್ತವೆ.

ನರ್ಸಿಂಗ್ ವಿದ್ಯಾರ್ಥಿಗಳು, ಹೌಸ್ ಸರ್ಜನ್‌ಗಳು, ಮತ್ತು ವರದಿಯನ್ನು ಕೈಯಲ್ಲಿ ಹಿಡಿದು ಐಸಿಯು ಹೊರಗೆ ಕೂತಿರುವ ಓದುಬರಹ ಬಲ್ಲ ಬಂಧುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಚಿಕಿತ್ಸೆಯ ತೀರ್ಮಾನ ರೋಗಿಯನ್ನು ನೋಡುತ್ತಿರುವ ವೈದ್ಯರದ್ದು. ಇಲ್ಲಿರುವುದು ಓದುವ ಕ್ರಮ ಮಾತ್ರ.

ಮೊದಲು ನೋಡಬೇಕಾದ ಅಂಕಿ

2016ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಂತೆ, ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಹದ ತಪ್ಪಿ, ಅದರಿಂದ ಅಂಗಗಳು ಜೀವಕ್ಕೆ ಕುತ್ತಾಗುವಷ್ಟು ಕೆಲಸಗೆಡುವುದೇ ಸೆಪ್ಸಿಸ್. ಅಂಗಗಳು ಎಷ್ಟು ಕೆಟ್ಟಿವೆ ಎಂಬುದನ್ನು ಸೋಫಾ ಎಂಬ ಅಂಕಪಟ್ಟಿಯಿಂದ ಅಳೆಯುತ್ತಾರೆ. ಮೊದಲಿದ್ದ ಸ್ಥಿತಿಗಿಂತ 2 ಅಥವಾ ಹೆಚ್ಚು ಅಂಕ ಏರಿದರೆ ಸೆಪ್ಸಿಸ್ ಎನ್ನುತ್ತಾರೆ. ಈ ಪಟ್ಟಿಯಲ್ಲಿ ಯಕೃತ್ತನ್ನು ಪ್ರತಿನಿಧಿಸುವುದು ಕಣ್ಣನ್ನು ಹಳದಿಯಾಗಿಸುವ ಬಿಲಿರುಬಿನ್ ಒಂದೇ. ಪ್ರತಿ ಡೆಸಿಲೀಟರಿಗೆ 1.2 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಸೊನ್ನೆ, 1.2ರಿಂದ 1.9ರವರೆಗೆ 1, 2.0ರಿಂದ 5.9ರವರೆಗೆ 2, 6.0ರಿಂದ 11.9ರವರೆಗೆ 3, 12 ಮುಟ್ಟಿದರೆ 4 ಅಂಕ. ಎಲ್ಲರೂ ಮೊದಲು ಕಣ್ಣು ಹಾಯಿಸುವ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳಿಗೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ಅವು ಕೋಶ ಒಡೆದದ್ದನ್ನು ಹೇಳುತ್ತವೆಯೇ ಹೊರತು ಉಳಿದ ಕೋಶಗಳು ಕೆಲಸ ಮಾಡುತ್ತಿವೆಯೇ ಎಂಬುದನ್ನು ಹೇಳುವುದಿಲ್ಲ. ಸೆಪ್ಸಿಸ್‌ನಲ್ಲಿ ಎಸ್‌ಜಿಪಿಟಿ ಹೆಚ್ಚೇನೂ ಏರದೆ ಬಿಲಿರುಬಿನ್ ಮಾತ್ರ ದಿನದಿನಕ್ಕೆ ಏರುವ ರೋಗಿಯ ಬಗ್ಗೆ ಹೆಚ್ಚು ಚಿಂತಿಸಬೇಕಾಗುತ್ತದೆ.

ಯಕೃತ್ತಿನೊಳಗೆ ಯಾರು ಯಾರಿದ್ದಾರೆ

ವಯಸ್ಕರ ಯಕೃತ್ತು ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಹೃದಯ ಹೊರಹಾಕುವ ರಕ್ತದ ಸುಮಾರು ಕಾಲುಭಾಗ ಇದರ ಮೂಲಕ ಹಾದುಹೋಗುತ್ತದೆ. ಹೀಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನಿಂದ ಪೋರ್ಟಲ್ ಅಭಿಧಮನಿಯ ಮೂಲಕ ಬಂದದ್ದು, ಆಮ್ಲಜನಕ ಕಡಿಮೆ ಇರುವುದು, ಬ್ಯಾಕ್ಟೀರಿಯಾದ ಚೂರುಪಾರುಗಳನ್ನು ಹೊತ್ತು ತರುವುದು. ಉಳಿದ ಕಾಲು ಪಾಲು ಮಾತ್ರ ಹೆಪಾಟಿಕ್ ಅಪಧಮನಿಯ ಶುದ್ಧ ರಕ್ತ. ಎರಡೂ ಬೆರೆತು ಸೈನುಸಾಯ್ಡ್ ಎಂಬ ಅತಿ ಕಿರಿದಾದ ನಾಳಗಳಲ್ಲಿ ನಿಧಾನವಾಗಿ ಹರಿಯುತ್ತವೆ. ಆರೋಗ್ಯವಂತರಲ್ಲೂ ಬಿಳಿ ರಕ್ತಕಣಗಳು ಇಲ್ಲಿ ಗೋಡೆಗೆ ಉಜ್ಜಿಕೊಂಡೇ ಸಾಗಬೇಕಾಗುತ್ತದೆ. ಈ ರಚನೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಆಗುವ ಹಾನಿಯಲ್ಲಿ ಬಹುಭಾಗ ಇದರಿಂದಲೇ ಹುಟ್ಟುತ್ತದೆ.

ಸೈನುಸಾಯ್ಡ್‌ಗಳ ಒಳಗೋಡೆಗೆ ಅಂಟಿಕೊಂಡು, ಕೈಚಾಚಿ ಕೂತಿರುವ ಭಕ್ಷಕ ಕೋಶಗಳೇ ಕುಪ್ಫರ್ ಕೋಶಗಳು. ದೇಹದ ಅಂಗಾಂಶಗಳಲ್ಲಿ ನೆಲೆನಿಂತ ಇಂಥ ಭಕ್ಷಕ ಕೋಶಗಳಲ್ಲಿ, ಅಂದರೆ ಮ್ಯಾಕ್ರೊಫೇಜ್‌ಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಇಲ್ಲೇ ಇರುತ್ತವೆ ಎಂದು ಲೆಕ್ಕ. ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾವನ್ನು ನಿಮಿಷಗಳೊಳಗೆ ಹಿಡಿದು ನುಂಗುವುದು ಬಹುಮಟ್ಟಿಗೆ ಇವುಗಳ ಕೆಲಸ. ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾದ ಹೊರಕವಚದಲ್ಲಿರುವ ಎಂಡೊಟಾಕ್ಸಿನ್ ಎಂಬ ವಸ್ತುವನ್ನು ಇವು ಟಿಎಲ್‌ಆರ್4 ಎಂಬ ಗ್ರಾಹಕದಿಂದ ಗುರುತಿಸುತ್ತವೆ. ಈ ಗ್ರಾಹಕವನ್ನು 1998ರಲ್ಲಿ ಪತ್ತೆಹಚ್ಚಿದ ಬ್ರೂಸ್ ಬಾಯ್ಟ್ಲರ್ 2011ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲುದಾರರಾದರು. ಆರೋಗ್ಯದಲ್ಲಿರುವಾಗ ಕರುಳಿನಿಂದ ಬರುವ ಅಷ್ಟಿಷ್ಟು ಎಂಡೊಟಾಕ್ಸಿನ್‌ಗೆ ಕುಪ್ಫರ್ ಕೋಶಗಳು ಗದ್ದಲ ಮಾಡುವುದಿಲ್ಲ. ಅದಕ್ಕೆ ಒಗ್ಗಿಕೊಂಡಿರುತ್ತವೆ. ಸೆಪ್ಸಿಸ್‌ನಲ್ಲಿ ಪ್ರಮಾಣ ಮಿತಿ ಮೀರಿದಾಗ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಮುಂತಾದ, ಕೋಶದಿಂದ ಕೋಶಕ್ಕೆ ಸುದ್ದಿ ಮುಟ್ಟಿಸುವ ಸೈಟೊಕೈನ್‌ಗಳನ್ನು ಸುರಿಸತೊಡಗುತ್ತವೆ.

ಇಂಟರ್‌ಲ್ಯೂಕಿನ್-6 ಪಕ್ಕದ ಯಕೃತ್ ಕೋಶವನ್ನು ಮುಟ್ಟಿದಾಗ ಆ ಕೋಶ ತನ್ನ ದಿನನಿತ್ಯದ ಕಸುಬನ್ನು ಬದಿಗಿಟ್ಟು ಸಿಆರ್‌ಪಿ, ಫೈಬ್ರಿನೊಜೆನ್‌ನಂಥ ಪ್ರೋಟೀನ್‌ಗಳನ್ನು ತಯಾರಿಸಲು ತೊಡಗುತ್ತದೆ, ರಕ್ತದ ಮುಖ್ಯ ಪ್ರೋಟೀನಾದ ಆಲ್ಬುಮಿನ್ ತಯಾರಿಕೆಯನ್ನು ತಗ್ಗಿಸುತ್ತದೆ. ಹಾಗಾಗಿ ಸಿಆರ್‌ಪಿ ಏರಿದೆ ಎಂದರೆ ಯಕೃತ್ತು ಕುಪ್ಫರ್ ಕೋಶಗಳ ಕರೆಗೆ ಇನ್ನೂ ಓಗೊಡುತ್ತಿದೆ ಎಂದೂ ಅರ್ಥ. ಬಹಳ ಮುಂದುವರಿದ ಸಿರೋಸಿಸ್ (ಯಕೃತ್ತು ಗಟ್ಟಿಯಾಗಿ ಗಂಟುಗಟ್ಟುವ ಕಾಯಿಲೆ) ಇರುವವರಲ್ಲಿ ಸೋಂಕು ಜೋರಾಗಿದ್ದರೂ ಸಿಆರ್‌ಪಿ ನಿರೀಕ್ಷೆಯಷ್ಟು ಏರದಿರುವುದಕ್ಕೆ ಇದೇ ಕಾರಣ.

ಎರಡನೆಯ ಪಾತ್ರಧಾರಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣ. ಇದು ಯಕೃತ್ತಿನ ಕಾಯಂ ನಿವಾಸಿಯಲ್ಲ, ಕರೆ ಬಂದಾಗ ಓಡಿಬರುವುದು. ಬೇರೆ ಅಂಗಗಳಲ್ಲಿ ನ್ಯೂಟ್ರೊಫಿಲ್ ರಕ್ತನಾಳದ ಗೋಡೆಗೆ ಅಂಟಲು ಸೆಲೆಕ್ಟಿನ್ ಎಂಬ ಅಣುಗಳು ಬೇಕು. ಸೈನುಸಾಯ್ಡ್‌ಗಳಲ್ಲಾದರೋ ಹಾದಿಯ ಕಿರಿದುತನವೇ ಅರ್ಧ ಕೆಲಸ ಮಾಡಿಬಿಡುತ್ತದೆ, ಉಳಿದದ್ದನ್ನು ಗೋಡೆಯ ಹಯಲುರೊನಾನ್ ಮತ್ತು ನ್ಯೂಟ್ರೊಫಿಲ್‌ನ ಸಿಡಿ44 ಸೇರಿ ಮುಗಿಸುತ್ತವೆ. ಪ್ರಚೋದನೆಗೊಂಡ ನ್ಯೂಟ್ರೊಫಿಲ್‌ನ ಮೈ ಬಿರುಸಾಗಿ, ಕಿರಿದಾದ ಜಾಗದಲ್ಲಿ ಬಳುಕಿ ನುಸುಳಲಾರದಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ಗದ್ದೆಯ ಕೈಗಾಲುವೆಗೆ ಕಸಕಡ್ಡಿ ಸಿಕ್ಕಿ ಕೊನೆಯ ತಾಕು ಒಣಗುವ ಹಾಗೆ, ಇಲ್ಲಿ ದೊಡ್ಡ ನಾಳಗಳಲ್ಲಿ ರಕ್ತವಿದ್ದರೂ ಸೈನುಸಾಯ್ಡ್‌ನ ಕೊನೆಯ ಕೋಶಗಳಿಗೆ ಅದು ತಲುಪುವುದಿಲ್ಲ. ಬಿಪಿ ಸರಿಹೋದ ಮೇಲೂ ಯಕೃತ್ತಿನ ಹಾನಿ ಮುಂದುವರಿಯುವುದೇಕೆ ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಇಲ್ಲಿದೆ.

ಸಿಕ್ಕಿಬಿದ್ದ ನ್ಯೂಟ್ರೊಫಿಲ್ ಸುಮ್ಮನಿರುವುದಿಲ್ಲ. ಇಲಾಸ್ಟೇಸ್ ಎಂಬ ಕಿಣ್ವವನ್ನೂ, ಮೈಲೊಪೆರಾಕ್ಸಿಡೇಸ್‌ನ ನೆರವಿನಿಂದ ಹೈಪೊಕ್ಲೋರಸ್ ಆಮ್ಲವನ್ನೂ ಬಿಡುಗಡೆ ಮಾಡುತ್ತದೆ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಈ ರಾಸಾಯನಿಕಗಳಿಗೆ ಪಕ್ಕದ ಯಕೃತ್ ಕೋಶ ಬೇರೆ ಎಂದು ಗೊತ್ತಾಗುವುದಿಲ್ಲ. 2004ರಲ್ಲಿ ಮತ್ತೊಂದು ಅಸ್ತ್ರ ಬೆಳಕಿಗೆ ಬಂತು: ನ್ಯೂಟ್ರೊಫಿಲ್ ತನ್ನದೇ ಡಿಎನ್‌ಎಯನ್ನು ಹಿಸ್ಟೋನ್ (ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್) ಮತ್ತು ಕಿಣ್ವಗಳ ಸಮೇತ ಬಲೆಯಂತೆ ಹೊರಕ್ಕೆ ಚೆಲ್ಲುತ್ತದೆ. ಇದನ್ನು ನೆಟ್ ಎನ್ನುತ್ತಾರೆ. ಎಂಡೊಟಾಕ್ಸಿನ್‌ನಿಂದ ಕೆರಳಿದ ಪ್ಲೇಟ್‌ಲೆಟ್‌ಗಳು ನ್ಯೂಟ್ರೊಫಿಲ್‌ಗೆ ಅಂಟಿ ಈ ಬಲೆಯನ್ನು ಬೇಗ ಬಿಡಿಸುತ್ತವೆ, ಮತ್ತು ಅದು ಹೆಚ್ಚಾಗಿ ನಡೆಯುವ ತಾಣಗಳಲ್ಲಿ ಯಕೃತ್ತಿನ ಸೈನುಸಾಯ್ಡ್‌ಗಳೂ ಸೇರಿವೆ. ಬಲೆಗೆ ಬ್ಯಾಕ್ಟೀರಿಯಾ ಬೀಳುತ್ತದೆ ನಿಜ, ಆದರೆ ಬಲೆಯ ಹಿಸ್ಟೋನ್‌ಗಳು ನಾಳದ ಒಳಪದರವನ್ನು ಸುಡುತ್ತವೆ ಮತ್ತು ಅಲ್ಲೇ ರಕ್ತ ಹೆಪ್ಪುಗಟ್ಟಲು ಶುರುವಾಗುತ್ತದೆ. ಸೆಪ್ಸಿಸ್ ರೋಗಿಯ ಪ್ಲೇಟ್‌ಲೆಟ್ ಇಳಿಯುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು. ಪ್ಲೇಟ್‌ಲೆಟ್ ಇಳಿದ ಕೂಡಲೇ ಡೆಂಗಿ ಎಂದೇ ತೀರ್ಮಾನಿಸಿ ಪಪ್ಪಾಯಿ ಎಲೆ ಹುಡುಕಿಕೊಂಡು ಹೋಗುವ ನಮ್ಮೂರಿನ ರೂಢಿಗೆ ಇದನ್ನು ವಿವರಿಸುವುದು ಕಷ್ಟ.

ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಿಲ್ಲ. ಮನುಷ್ಯರ ಯಕೃತ್ತಿನಲ್ಲಿ ಮೈಟ್ ಎಂಬ ವಿಶೇಷ ಟಿ ಕೋಶಗಳು ಹೇರಳವಾಗಿವೆ, ನೈಸರ್ಗಿಕ ಹಂತಕ ಕೋಶಗಳೂ ಇವೆ. ಇವು ಮೊದಲ ಗಂಟೆಗಳಲ್ಲಿ ಇಂಟರ್‌ಫೆರಾನ್ ಗಾಮಾ ಸುರಿಸಿ ಕುಪ್ಫರ್ ಕೋಶಗಳನ್ನು ಇನ್ನಷ್ಟು ಕೆರಳಿಸಬಲ್ಲವು. ದಿನಗಳು ಕಳೆದಂತೆ ಲಿಂಫೊಸೈಟ್‌ಗಳು ಸಾಯುತ್ತ ಹೋಗಿ, ಮಾನೊಸೈಟ್‌ಗಳು ಮಂಕಾಗಿ, ಇಡೀ ರಕ್ಷಣಾ ವ್ಯವಸ್ಥೆಯೇ ಸೋತು ಕೂರುವ ಹಂತ ಬರುತ್ತದೆ. ಎರಡನೆಯ ವಾರದಲ್ಲಿ ಹೊಸ ಸೋಂಕು ತಗಲುವುದು ಈ ಸೋಲಿನಿಂದ.

ಇಷ್ಟನ್ನು ಓದಿದವರಿಗೆ ‘ಹಾಗಾದರೆ ಈ ಕೋಶಗಳನ್ನು ತಡೆದುಬಿಡಬಹುದಲ್ಲ’ ಎನಿಸುವುದು ಸಹಜ. ವಿಜ್ಞಾನಿಗಳಿಗೂ ಹಾಗೆಯೇ ಅನಿಸಿತ್ತು. ಇಲಿಗಳಲ್ಲಿ ಕುಪ್ಫರ್ ಕೋಶಗಳನ್ನು ಮೊದಲೇ ನಿರ್ಮೂಲ ಮಾಡಿ ಎಂಡೊಟಾಕ್ಸಿನ್ ಕೊಟ್ಟ ಪ್ರಯೋಗಗಳಲ್ಲಿ ಯಕೃತ್ತಿನ ಹಾನಿ ತಗ್ಗಿದ್ದುಂಟು. ಅದೇ ಇಲಿಗಳಿಗೆ ಜೀವಂತ ಬ್ಯಾಕ್ಟೀರಿಯಾ ಕೊಟ್ಟರೆ, ಹಿಡಿಯುವವರಿಲ್ಲದೆ ಬ್ಯಾಕ್ಟೀರಿಯಾ ಮೈಯೆಲ್ಲ ಹರಡುತ್ತದೆ. ರಕ್ಷಣೆಯೂ ಹಾನಿಯೂ ಒಂದೇ ಕೋಶದ ಕೈಯಲ್ಲಿರುವುದರಿಂದ ಔಷಧಗಳ ಕಥೆಯೂ ಹಾಗೇ ಆಯಿತು. ಟಿಎನ್‌ಎಫ್ ತಡೆಯುವ ಪ್ರತಿಕಾಯಗಳು 1990ರ ದಶಕದ ಪ್ರಯೋಗಗಳಲ್ಲಿ ನಿರೀಕ್ಷಿತ ಫಲ ಕೊಡಲಿಲ್ಲ. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕ್ರಿಯಾಶೀಲ ಪ್ರೋಟೀನ್ ಸಿ ಔಷಧವನ್ನು 2011ರಲ್ಲಿ ಹಿಂತೆಗೆದುಕೊಂಡರು. ಟಿಎಲ್‌ಆರ್4ಕ್ಕೆ ಅಡ್ಡಗಟ್ಟುವ ಎರಿಟೊರಾನ್‌ನ ದೊಡ್ಡ ಪ್ರಯೋಗ 2013ರಲ್ಲಿ ಪ್ರಕಟವಾದಾಗ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ‘ಸೈಟೊಕೈನ್ ಬಿರುಗಾಳಿ ನಿಲ್ಲಿಸುವ’ ದುಬಾರಿ ಚುಚ್ಚುಮದ್ದಿನ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶಗಳನ್ನು ಓದುವಾಗ ಈ ಇತಿಹಾಸ ತಲೆಯಲ್ಲಿರಬೇಕು.

ದಿನವಾರು ಬರೆದುಕೊಂಡು ಓದುವುದು

ಈಗ ಕೆಲಸಕ್ಕೆ ಬರೋಣ. ಒಂದು ಹಾಳೆಯಲ್ಲಿ ಅಡ್ಡಲಾಗಿ ದಿನಾಂಕಗಳನ್ನೂ ಉದ್ದಕ್ಕೆ ಒಟ್ಟು ಬಿಲಿರುಬಿನ್, ಡೈರೆಕ್ಟ್ ಬಿಲಿರುಬಿನ್ (ಯಕೃತ್ತು ಹೊರಹಾಕಲು ಸಿದ್ಧಪಡಿಸಿದ ಭಾಗ), ಎಸ್‌ಜಿಒಟಿ, ಎಸ್‌ಜಿಪಿಟಿ, ಆಲ್ಕಲೈನ್ ಫಾಸ್ಫಟೇಸ್ (ಪಿತ್ತ ಕಟ್ಟಿಕೊಂಡಾಗ ಏರುವ ಕಿಣ್ವ), ಆಲ್ಬುಮಿನ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ತಡವಾಗುವುದರ ಅಳತೆ), ಪ್ಲೇಟ್‌ಲೆಟ್, ಲ್ಯಾಕ್ಟೇಟ್ (ಅಂಗಾಂಶಗಳಿಗೆ ಆಮ್ಲಜನಕ ಸಾಲದಾದಾಗ ಏರುವುದು), ರಕ್ತದ ಸಕ್ಕರೆ ಎಂದೂ ಬರೆದುಕೊಳ್ಳಬೇಕು. ಇವುಗಳ ಮೇಲೆ ಇನ್ನೊಂದು ಸಾಲು ಇರಲಿ: ಬಿಪಿ ಬಿದ್ದದ್ದು ಯಾವಾಗ, ನಾರ್‌ಅಡ್ರಿನಲಿನ್ (ಬಿಪಿ ಏರಿಸುವ ಔಷಧ) ಶುರುವಾದದ್ದು ಯಾವಾಗ, ಆ್ಯಂಟಿಬಯೊಟಿಕ್‌ನ ಮೊದಲ ಡೋಸ್ ಯಾವಾಗ. ತಾಲೂಕು ಆಸ್ಪತ್ರೆಯಿಂದ 108ರಲ್ಲಿ ಕಳಿಸುವಾಗ ಕೊಡುವ ರೆಫರಲ್ ಚೀಟಿಯಲ್ಲಿ ಬಿಪಿ ಮತ್ತು ಸಮಯ ಬರೆದಿದ್ದರೆ ಅದು ಬಹಳ ಬೆಲೆಬಾಳುವ ಕಾಗದ, ಮಡಿಸಿ ಜೇಬಿಗೆ ಸೇರಿಸದೆ ಕೇಸ್ ಶೀಟಿಗೆ ಲಗತ್ತಿಸಬೇಕು. ಮೇಲಿನ ಸಾಲು ಇಲ್ಲದೆ ಕೆಳಗಿನ ಅಂಕಿಗಳನ್ನು ಓದಲಾಗುವುದಿಲ್ಲ.

ಕಲಿಕೆಗೆಂದು ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಮಳವಳ್ಳಿ ಕಡೆಯ, ಐವತ್ತು ದಾಟಿದ, ಮಧುಮೇಹವಿರುವ ಕಬ್ಬು ಬೆಳೆಗಾರರೊಬ್ಬರು ಕಾಲಿನ ಹುಣ್ಣು ಕೀವುಗಟ್ಟಿ, ಜ್ವರ ಬಂದು, ಮಂಪರಿನಲ್ಲಿ ದಾಖಲಾಗಿದ್ದಾರೆ ಎನ್ನಿ. ಮೊದಲ ದಿನ ಬಿಲಿರುಬಿನ್ 1.4, ಎಸ್‌ಜಿಒಟಿ 96, ಎಸ್‌ಜಿಪಿಟಿ 70, ಪ್ಲೇಟ್‌ಲೆಟ್ 1.1 ಲಕ್ಷ, ಲ್ಯಾಕ್ಟೇಟ್ 3.8. ರಕ್ತದ ಲೇಪವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ನ್ಯೂಟ್ರೊಫಿಲ್‌ಗಳಲ್ಲಿ ದಟ್ಟ ನೇರಳೆ ಕಣಗಳು, ಅಂಚಿನಲ್ಲಿ ತಿಳಿನೀಲಿಯ ಡೋಲೆ ಕಾಯಗಳು, ಕೋಶದ್ರವದಲ್ಲಿ ತೂತು ಬಿದ್ದಂಥ ಗುಳ್ಳೆಗಳು, ಇನ್ನೂ ಬಲಿಯದ ಪಟ್ಟಿಯಾಕಾರದ ನ್ಯೂಕ್ಲಿಯಸ್‌ಗಳು ಕಾಣುತ್ತವೆ. ಅಸ್ಥಿಮಜ್ಜೆ ಆತುರದಲ್ಲಿ ಎಳೆಯ ನ್ಯೂಟ್ರೊಫಿಲ್‌ಗಳನ್ನೂ ಹೊರಗೆ ಕಳಿಸುತ್ತಿದೆ ಎಂಬುದಕ್ಕೆ ಇದು ಕಣ್ಣೆದುರಿನ ಸಾಕ್ಷಿ. ಸೈನುಸಾಯ್ಡ್‌ಗಳಲ್ಲಿ ಜಮಾಯಿಸುವುದು ಇದೇ ಕೋಶಗಳು. ಯಕೃತ್ತಿನ ಅಂಕಿಗಳು ಇನ್ನೂ ಸಾಧಾರಣವಾಗಿ ಕಂಡರೂ ಲೇಪ ಆಗಲೇ ಕಥೆ ಹೇಳುತ್ತಿರುತ್ತದೆ.

ಆ ರಾತ್ರಿ ಬಿಪಿ ಬಿದ್ದು ಕೆಲವು ಗಂಟೆ ಕೆಳಗೇ ಇತ್ತು. ಎರಡನೆಯ ದಿನ ಎಸ್‌ಜಿಒಟಿ 2,900, ಎಸ್‌ಜಿಪಿಟಿ 2,100, ಬಿಲಿರುಬಿನ್ 2.6, ಐಎನ್‌ಆರ್ 1.9. ಸಾಮಾನ್ಯ ಮಿತಿಯ ಇಪ್ಪತ್ತು ಪಟ್ಟು ಮೀರಿ ಹೀಗೆ ಒಮ್ಮೆಗೇ ಚಿಮ್ಮುವುದು ಆಮ್ಲಜನಕದ ಕೊರತೆಯಿಂದಾದ ಯಕೃತ್ ಹಾನಿಯ ಗುರುತು. ಅಂಗಾಂಶದಲ್ಲಿ ಸೆಂಟ್ರಲ್ ಅಭಿಧಮನಿಯ ಸುತ್ತಲಿನ ಕೋಶಗಳು ಮೊದಲು ಸಾಯುತ್ತವೆ, ಏಕೆಂದರೆ ರಕ್ತದ ಹಾದಿಯಲ್ಲಿ ಅವು ಕೊನೆಯವು. ಇಲ್ಲಿ ಮುಖ್ಯ ಕಾರಣ ರಕ್ತಪರಿಚಲನೆ, ರಕ್ಷಣಾ ಕೋಶಗಳು ಅದಕ್ಕೆ ಕೈಜೋಡಿಸಿದವು.

ಐದನೆಯ ದಿನ ಎಸ್‌ಜಿಒಟಿ 310, ಎಸ್‌ಜಿಪಿಟಿ 640, ಬಿಲಿರುಬಿನ್ 5.8, ಅದರಲ್ಲಿ ಡೈರೆಕ್ಟ್ 4.3, ಆಲ್ಕಲೈನ್ ಫಾಸ್ಫಟೇಸ್ 290. ಮೊದಲು ಹೆಚ್ಚಿದ್ದ ಎಸ್‌ಜಿಒಟಿ ಈಗ ಎಸ್‌ಜಿಪಿಟಿಗಿಂತ ಕೆಳಗಿಳಿದದ್ದನ್ನು ಗಮನಿಸಿ. ರಕ್ತದಲ್ಲಿ ಎಸ್‌ಜಿಒಟಿಯ ಅರ್ಧಾಯುಷ್ಯ (ಪ್ರಮಾಣ ಅರ್ಧಕ್ಕಿಳಿಯಲು ಹಿಡಿಯುವ ಸಮಯ) ಸುಮಾರು 17 ಗಂಟೆ, ಎಸ್‌ಜಿಪಿಟಿಯದು ಸುಮಾರು 47 ಗಂಟೆ. ಎರಡೂ ಆ ಲೆಕ್ಕಕ್ಕೆ ಹತ್ತಿರವಾಗಿ ಇಳಿಯುತ್ತಿವೆ ಎಂದರೆ ಪೆಟ್ಟು ಒಂದೇ ಸಲ ಬಿದ್ದು ನಿಂತಿದೆ. ಎಸ್‌ಜಿಒಟಿ ಇಳಿಯದೆ ಮೇಲೆಯೇ ನಿಂತಿದ್ದರೆ ಪೆಟ್ಟು ಬೀಳುತ್ತಲೇ ಇದೆ ಎಂದು ಶಂಕಿಸಬೇಕಿತ್ತು.

ಹಾಗಾದರೆ ಬಿಲಿರುಬಿನ್ ಏಕೆ ಏರಿತು? ಬೇರೆ ಬೇರೆ ಕೈಗಳ ಕೆಲಸ ಬೇರೆಯಾಗಿ ಕಾಣುವುದು ಇಲ್ಲಿ. ಯಕೃತ್ ಕೋಶ ಪಿತ್ತರಸವನ್ನು ನಾಳಕ್ಕೆ ದೂಡಲು ಎಂಆರ್‌ಪಿ2, ಬಿಎಸ್‌ಇಪಿ ಎಂಬ ಸಾಗಣೆ ಪ್ರೋಟೀನ್‌ಗಳನ್ನು ಬಳಸುತ್ತದೆ. ಕುಪ್ಫರ್ ಕೋಶಗಳ ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-1 ಈ ಪ್ರೋಟೀನ್‌ಗಳ ತಯಾರಿಕೆಯನ್ನು ಕುಗ್ಗಿಸುತ್ತವೆ. ಕೋಶ ಸತ್ತಿಲ್ಲ, ಬಿಲಿರುಬಿನ್‌ಅನ್ನು ಗ್ಲುಕುರಾನಿಕ್ ಆಮ್ಲದೊಂದಿಗೆ ಜೋಡಿಸುವ ಕೆಲಸವನ್ನೂ ಮಾಡುತ್ತಿದೆ, ಆದರೆ ಹೊರಕ್ಕೆ ಹಾಕಲಾರದೆ ಅದು ರಕ್ತಕ್ಕೆ ಮರಳುತ್ತಿದೆ. ಆದ್ದರಿಂದಲೇ ಡೈರೆಕ್ಟ್ ಭಾಗ ಹೆಚ್ಚು. ಪಿತ್ತನಾಳದಲ್ಲಿ ಕಲ್ಲಿಲ್ಲದೆಯೂ ಕಲ್ಲು ಸಿಕ್ಕಿಕೊಂಡಂಥ ವರದಿ ಬರುವುದು ಹೀಗೆ. ಎಸ್‌ಜಿಒಟಿಯನ್ನು ಏರಿಸಿದ್ದು ಬಹುಪಾಲು ರಕ್ತದ ಕೊರತೆ, ಬಿಲಿರುಬಿನ್‌ಅನ್ನು ಏರಿಸುತ್ತಿರುವುದು ಬಹುಪಾಲು ಸೈಟೊಕೈನ್. ಮೊದಲನೆಯದು ಗಂಟೆಗಳ ಲೆಕ್ಕದ್ದು, ಎರಡನೆಯದು ದಿನಗಳ ಲೆಕ್ಕದ್ದು. ಕಾಲಿನ ಕೀವನ್ನು ಪೂರ್ತಿ ತೆಗೆಯದಿದ್ದರೆ, ಅಥವಾ ಆ್ಯಂಟಿಬಯೊಟಿಕ್ ಸರಿಹೊಂದದಿದ್ದರೆ, ಎಸ್‌ಜಿಪಿಟಿ ಇಳಿಯುತ್ತಿರುವಾಗಲೇ ಬಿಲಿರುಬಿನ್ ಏರುತ್ತ ಹೋಗುತ್ತದೆ. ಆಗ ಲಿವರ್ ತಜ್ಞರಿಗಿಂತ ಮೊದಲು ಸರ್ಜನ್ ಬರಬೇಕಾಗಬಹುದು.

ಒಂಬತ್ತನೆಯ ದಿನ ರೋಗಿ ಎಚ್ಚರವಾಗಿದ್ದಾರೆ, ನಾರ್‌ಅಡ್ರಿನಲಿನ್ ನಿಂತಿದೆ, ಎಸ್‌ಜಿಪಿಟಿ ಇನ್ನೂರರೊಳಗೆ ಬಂದಿದೆ, ಆದರೆ ಬಿಲಿರುಬಿನ್ ಇನ್ನೂ 5ರ ಆಸುಪಾಸಿನಲ್ಲಿದೆ, ಕಣ್ಣು ಹಳದಿಯಾಗಿಯೇ ಇದೆ. ಮನೆಯವರ ಗಾಬರಿ ಹೆಚ್ಚುವುದು ಈ ಹಂತದಲ್ಲಿ. ಈ ದಿನ ಹಾಸಿಗೆಯ ಪಕ್ಕ ತೂಗುವ ಚೀಲದಲ್ಲಿ ಮೂತ್ರದ ಬಣ್ಣವನ್ನು ನೋಡಬೇಕು. ಬಹಳ ದಿನ ಡೈರೆಕ್ಟ್ ಬಿಲಿರುಬಿನ್ ರಕ್ತದಲ್ಲಿ ಉಳಿದಾಗ ಅದರ ಒಂದು ಭಾಗ ಆಲ್ಬುಮಿನ್‌ಗೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ಇದನ್ನು ಡೆಲ್ಟಾ ಬಿಲಿರುಬಿನ್ ಎನ್ನುತ್ತಾರೆ. ಆಲ್ಬುಮಿನ್‌ನ ಅರ್ಧಾಯುಷ್ಯ ಸುಮಾರು 20 ದಿನವಾದ್ದರಿಂದ ಇದು ನಿಧಾನವಾಗಿ ಕರಗುತ್ತದೆ, ಮೂತ್ರಪಿಂಡದಿಂದ ಸೋಸಿ ಹೋಗುವುದಿಲ್ಲ. ಹಾಗಾಗಿ ಕಣ್ಣು ಹಳದಿಯಿದ್ದರೂ ಮೂತ್ರ ತಿಳಿಯಾಗತೊಡಗುತ್ತದೆ, ಹಾಗೆ ತಿಳಿಯಾದರೆ ಯಕೃತ್ತು ಚೇತರಿಸಿಕೊಳ್ಳುತ್ತಿದೆ ಎಂದುಕೊಳ್ಳಲು ಆಧಾರವಿದೆ. ಮೂತ್ರವೂ ಕಡುಹಳದಿಯಾಗಿದ್ದು, ಜ್ವರವೂ ಮರಳಿದ್ದರೆ ಹೊಸ ಸೋಂಕನ್ನು ಹುಡುಕಬೇಕಾಗುತ್ತದೆ.

ಆಲ್ಬುಮಿನ್ ಬಗ್ಗೆಯೂ ಇದೇ ಅರ್ಧಾಯುಷ್ಯದ ಲೆಕ್ಕ ಉಪಯೋಗಕ್ಕೆ ಬರುತ್ತದೆ. ದಾಖಲಾದ ಎರಡೇ ದಿನದಲ್ಲಿ ಆಲ್ಬುಮಿನ್ 3.6ರಿಂದ 2.4ಕ್ಕೆ ಇಳಿದರೆ ‘ಲಿವರ್ ತಯಾರು ಮಾಡುತ್ತಿಲ್ಲ’ ಎನ್ನಲಾಗದು. ಅಷ್ಟು ಬೇಗ ಇಳಿಯುವುದು ರಕ್ತನಾಳಗಳಿಂದ ಸೋರಿದ್ದರಿಂದ ಮತ್ತು ಕೊಟ್ಟ ಸಲೈನ್‌ನಿಂದ ತೆಳುವಾದದ್ದರಿಂದ. ಐಎನ್‌ಆರ್ ಏರಿದಾಗಲೂ ಮೂರು ಸಾಧ್ಯತೆಗಳಿವೆ: ಯಕೃತ್ತು ಹೆಪ್ಪುಗಟ್ಟಿಸುವ ಅಂಶಗಳನ್ನು ಮಾಡುತ್ತಿಲ್ಲ, ಅಥವಾ ಮೈಯೆಲ್ಲ ಸಣ್ಣ ಹೆಪ್ಪುಗಳಾಗಿ ಅವು ಖರ್ಚಾಗುತ್ತಿವೆ, ಅಥವಾ ಪಿತ್ತ ಕರುಳಿಗೆ ಇಳಿಯದೆ, ಊಟವಿಲ್ಲದೆ, ಆ್ಯಂಟಿಬಯೊಟಿಕ್ ನಡುವೆ ವಿಟಮಿನ್ ಕೆ ಕೊರತೆಯಾಗಿದೆ. ವಿಟಮಿನ್ ಕೆ ಚುಚ್ಚುಮದ್ದಿನಿಂದ ಒಂದೆರಡು ದಿನದಲ್ಲಿ ಸರಿಹೋದರೆ ಮೂರನೆಯದು. ಮೊದಲೆರಡನ್ನು ಬೇರ್ಪಡಿಸಲು ಫ್ಯಾಕ್ಟರ್ 8 ಎಂಬ ಹೆಪ್ಪುಗಟ್ಟಿಸುವ ಅಂಶ ನೆರವಾಗುತ್ತದೆ. ಅದನ್ನು ಮುಖ್ಯವಾಗಿ ಮಾಡುವುದು ರಕ್ತನಾಳದ ಒಳಪದರ, ಯಕೃತ್ ಕೋಶವಲ್ಲ. ಆದ್ದರಿಂದ ಯಕೃತ್ತು ಸೋತಾಗ ಅದು ಇಳಿಯುವುದಿಲ್ಲ, ಖರ್ಚಾಗುತ್ತಿರುವಾಗ ಇಳಿಯುತ್ತದೆ. ಇನ್ನು ರಕ್ತದ ಸಕ್ಕರೆ. ಮಧುಮೇಹಿಯ ಸಕ್ಕರೆ ಇನ್ಸುಲಿನ್ ಇಲ್ಲದೆಯೇ ಪದೇಪದೇ ಕುಸಿಯತೊಡಗಿದರೆ ಅದನ್ನು ‘ಷುಗರ್ ಕಂಟ್ರೋಲಿಗೆ ಬಂತು’ ಎಂದು ಸಂತೋಷಪಡಬಾರದು, ಅದು ಯಕೃತ್ತು ಕೈಚೆಲ್ಲುತ್ತಿರುವ ಸೂಚನೆಯಾಗಿರಬಹುದು.

ನಮ್ಮ ಕಡೆ ತಪ್ಪದೆ ಕೇಳಿಕೊಳ್ಳಬೇಕಾದ ಬೇರೆ ಕಾರಣಗಳು

ಎಲ್ಲವನ್ನೂ ಸೆಪ್ಸಿಸ್‌ನ ಖಾತೆಗೆ ಬರೆಯುವ ಮೊದಲು ಭತ್ತ, ಕಬ್ಬು, ದನಕರುಗಳ ನಡುವೆ ಬದುಕುವ ಈ ಸೀಮೆಯ ಜನರಲ್ಲಿ ಕೆಲವು ಕಾಯಿಲೆಗಳನ್ನು ಹೆಸರು ಹಿಡಿದು ಹುಡುಕಬೇಕು. ನೀರು ನಿಂತ ಗದ್ದೆಯಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಬಂದಾಗ ಬಿಲಿರುಬಿನ್ ಬಹಳ ಏರಿ, ಎಸ್‌ಜಿಪಿಟಿ ಕೆಲವೇ ಪಟ್ಟು ಏರಿ, ಜೊತೆಗೆ ಕ್ರಿಯಾಟಿನಿನ್ (ಮೂತ್ರಪಿಂಡದ ಅಂಕಿ) ಏರಿ, ಮೀನಖಂಡ ಮುಟ್ಟಿದರೆ ನೋಯುತ್ತಿರುತ್ತದೆ. ಈ ಚಿತ್ರ ಸೆಪ್ಸಿಸ್‌ನ ಕಾಮಾಲೆಗೆ ಎಷ್ಟು ಹೋಲುತ್ತದೆ ಎಂದರೆ ಕೆಲಸದ ಬಗ್ಗೆ ಕೇಳದಿದ್ದರೆ ತಪ್ಪಿಹೋಗುವುದು ಖಂಡಿತ. ಸ್ಕ್ರಬ್ ಟೈಫಸ್‌ನಲ್ಲಿ ಕಂಕುಳು, ತೊಡೆಸಂದು, ಸ್ತನದ ಕೆಳಭಾಗಗಳಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇರಬಹುದು. ಸೀರೆ, ಪಂಚೆ ಸರಿಸಿ ನೋಡದವರಿಗೆ ಅದು ಕಾಣುವುದಿಲ್ಲ, ಸಾಮಾನ್ಯವಾಗಿ ಕೊಡುವ ಸೆಫಲೊಸ್ಪೊರಿನ್ ಆ್ಯಂಟಿಬಯೊಟಿಕ್‌ಗಳಿಗೆ ಈ ಕಾಯಿಲೆ ಬಗ್ಗುವುದೂ ಇಲ್ಲ, ಡಾಕ್ಸಿಸೈಕ್ಲಿನ್ ಬೇಕು. ಡೆಂಗಿಯಲ್ಲಿ ಎಸ್‌ಜಿಒಟಿ ಎಸ್‌ಜಿಪಿಟಿಗಿಂತ ಹೆಚ್ಚಾಗಿದ್ದು ಕಾಮಾಲೆ ಅಪರೂಪ. ಎ ಮತ್ತು ಇ ಹೆಪಟೈಟಿಸ್‌ಗಳಲ್ಲಿ ಅಂಕಿಗಳು ಸಾವಿರ ದಾಟಿದ್ದರೂ ಬಿಪಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಯಕೃತ್ತಿನ ಕೀವುಗಡ್ಡೆ ಮತ್ತು ಪಿತ್ತನಾಳದ ಕಲ್ಲನ್ನು ಅಲ್ಟ್ರಾಸೌಂಡ್ ಮಾಡದೆ ತಳ್ಳಿಹಾಕಲಾಗದು, ಏಕೆಂದರೆ ಅಲ್ಲಿ ಯಕೃತ್ತೇ ಸೋಂಕಿನ ಮೂಲ.

ರಂಜಕವಿರುವ ಇಲಿ ಪಾಷಾಣದ ಪೇಸ್ಟ್ ತಿಂದವರು ಮೊದಲ ಒಂದೆರಡು ದಿನ ಆರಾಮಾಗಿದ್ದು ಆಮೇಲೆ ಯಕೃತ್ತು ಸೋತು ಬರುತ್ತಾರೆ. ಈ ಮಾತನ್ನು ಮನೆಯವರು ತಾವಾಗಿ ಹೇಳುವುದಿಲ್ಲ, ರೋಗಿಯ ಹಾಸಿಗೆಯಿಂದ ದೂರ ಕರೆದು ಮೆಲ್ಲಗೆ ಕೇಳಬೇಕು. ಜ್ವರಕ್ಕೆಂದು ಮೆಡಿಕಲ್ ಷಾಪಿನಿಂದ ತಂದು ನುಂಗಿದ ಪ್ಯಾರಸಿಟಮಾಲ್‌ನ ಲೆಕ್ಕ, ಕ್ಷಯದ ಮಾತ್ರೆಗಳು, ಹಲವು ವರ್ಷಗಳ ಕುಡಿತ ಇವನ್ನೂ ಕೇಳಿ ಬರೆದುಕೊಳ್ಳಬೇಕು. ಸಿರೋಸಿಸ್ ಮೊದಲೇ ಇದ್ದರೆ ಪೋರ್ಟಲ್ ರಕ್ತದ ಒಂದು ಪಾಲು ಕುಪ್ಫರ್ ಕೋಶಗಳ ಬಳಿ ಹೋಗದೆ ಪಕ್ಕದ ನಾಳಗಳಲ್ಲಿ ಹರಿದುಹೋಗುತ್ತಿರುತ್ತದೆ, ಹಿಡಿಯುವವರಿಗೆ ಬ್ಯಾಕ್ಟೀರಿಯಾ ಸಿಗುವುದೇ ಇಲ್ಲ. ಅಂಥವರ ವರದಿಗೆ ಮೇಲಿನ ಲೆಕ್ಕಗಳು ಹಾಗೆಹಾಗೇ ಹೊಂದುವುದಿಲ್ಲ.

ಬಂಧುಗಳು ಕೇಳಬಹುದಾದದ್ದು, ಮಾಡಬಾರದ್ದು

ಯಕೃತ್ತಿಗೆ ಪ್ರತ್ಯೇಕ ಔಷಧ ಏಕೆ ಕೊಡುತ್ತಿಲ್ಲ ಎಂಬ ಪ್ರಶ್ನೆ ಪದೇಪದೇ ಬರುತ್ತದೆ. ರಕ್ಷಣಾ ಕೋಶಗಳನ್ನು ನೇರವಾಗಿ ಪಳಗಿಸುವ ಮದ್ದು ಇಲ್ಲದಿರುವಾಗ ಅವನ್ನು ಕೆರಳಿಸುತ್ತಿರುವುದನ್ನು ತೆಗೆಯುವುದೇ ಯಕೃತ್ತಿನ ಚಿಕಿತ್ಸೆ. ಕೀವನ್ನು ಹೊರತೆಗೆಯುವುದು, ತಡವಿಲ್ಲದೆ ಸರಿಯಾದ ಆ್ಯಂಟಿಬಯೊಟಿಕ್ ಕೊಡುವುದು, ಸರಾಸರಿ ರಕ್ತದೊತ್ತಡವನ್ನು 65ರ ಮೇಲೆ ಇಡುವುದು ಮುಖ್ಯ. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಸೆಪ್ಟಿಕ್ ಷಾಕ್ (ಸೆಪ್ಸಿಸ್‌ನಿಂದ ಬಿಪಿ ಕುಸಿದ ಸ್ಥಿತಿ) ಇದ್ದಾಗ ಆ್ಯಂಟಿಬಯೊಟಿಕ್‌ಅನ್ನು ಒಂದು ಗಂಟೆಯೊಳಗೆ ಕೊಡಲು ಹೇಳುತ್ತವೆ. ನಾರ್‌ಅಡ್ರಿನಲಿನ್ ಕೊಟ್ಟರೂ ಬಿಪಿ ನಿಲ್ಲದವರಿಗೆ ದಿನಕ್ಕೆ 200 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಕೊಡುವುದುಂಟು, ಅದು ಷಾಕ್‌ಗೆ ಹೊರತು ಕಾಮಾಲೆಗಲ್ಲ. ಆದ್ದರಿಂದ ದಿನದ ಭೇಟಿಯಲ್ಲಿ ‘ಲಿವರ್ ಎಷ್ಟು ಪರ್ಸೆಂಟ್ ಕೆಲಸ ಮಾಡ್ತಿದೆ’ ಎಂದು ಕೇಳುವ ಬದಲು, ಸೋಂಕಿನ ಮೂಲ ಪೂರ್ತಿ ಹೋಗಿದೆಯೇ, ಕಲ್ಚರ್ ವರದಿ ಏನು ಹೇಳಿತು, ಬಿಪಿ ಏರಿಸುವ ಔಷಧದ ಪ್ರಮಾಣ ನಿನ್ನೆಗಿಂತ ಇಳಿದಿದೆಯೇ, ಲ್ಯಾಕ್ಟೇಟ್ ಇಳಿಯುತ್ತಿದೆಯೇ ಎಂದು ಕೇಳಿದರೆ ವೈದ್ಯರಿಂದಲೂ ಸ್ಪಷ್ಟ ಉತ್ತರ ಸಿಗುತ್ತದೆ.

ಕಾಮಾಲೆ ಎಂದ ಕೂಡಲೇ ನಾಟಿ ಔಷಧಕ್ಕೆ ಹೊರಡುವುದು ನಮ್ಮ ಕಡೆ ಈಗಲೂ ಇದೆ. ನೆಲನೆಲ್ಲಿಯ ರಸವನ್ನೋ ಹೆಸರು ಹೇಳದ ಸೊಪ್ಪಿನ ಉಂಡೆಯನ್ನೋ ಮೂಗಿನ ಕೊಳವೆಯಲ್ಲಿ ಹಾಕಿಸಲು ಕೇಳುವವರಿದ್ದಾರೆ. ಮೂರು ಹನಿ ಪಿತ್ತರಸವನ್ನೂ ಸಾಗಿಸಲಾಗದ ಸ್ಥಿತಿಯಲ್ಲಿರುವ ಯಕೃತ್ತಿಗೆ ಏನಿದೆಯೋ ಗೊತ್ತಿಲ್ಲದ ದ್ರವವನ್ನು ಕಳಿಸುವುದು ಅಪಾಯ. ಸೋಂಕಿನಿಂದಾದ ಕಾಮಾಲೆಗೆ ಬರೆ ಹಾಕಿಸಿದರೆ ಸುಟ್ಟ ಗಾಯವೇ ಇನ್ನೊಂದು ಸೋಂಕಿನ ಬಾಗಿಲಾಗುತ್ತದೆ. ಪಥ್ಯವೆಂದು ಎಣ್ಣೆ, ಬೇಳೆ, ಮೊಟ್ಟೆಯನ್ನೆಲ್ಲ ನಿಲ್ಲಿಸಿ ಗಂಜಿಯಲ್ಲೇ ತಿಂಗಳು ಕಳೆಸುವುದೂ ಸಲ್ಲದು. ಸೆಪ್ಸಿಸ್‌ನಿಂದ ಎದ್ದವರ ಸ್ನಾಯುಗಳು ಕರಗಿರುತ್ತವೆ, ಅವರಿಗೆ ಪ್ರೋಟೀನ್ ಹೆಚ್ಚೇ ಬೇಕು.

ಮನೆಗೆ ಹೋದ ಮೇಲೆ

ಡಿಸ್‌ಚಾರ್ಜ್ ಸಾರಾಂಶದಲ್ಲಿ ಕೊನೆಯ ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿಜಿಟಿ (ಪಿತ್ತನಾಳದ ತೊಂದರೆಯಲ್ಲಿ ಏರುವ ಇನ್ನೊಂದು ಕಿಣ್ವ) ಅಂಕಿಗಳು ಇವೆಯೇ ಎಂದು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಬರೆಸಿಕೊಳ್ಳಬೇಕು. ಬಹುತೇಕರಲ್ಲಿ ಯಕೃತ್ತು ವಾರಗಳಲ್ಲಿ ಮೊದಲಿನಂತಾಗುತ್ತದೆ. ಎಸ್‌ಜಿಪಿಟಿ ಮಾಮೂಲಿಗೆ ಬಂದು, ಬಿಲಿರುಬಿನ್ ಇಳಿದ ಮೇಲೂ ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿಜಿಟಿ ಇಳಿಯದೆ ಏರುತ್ತಲೇ ಹೋಗುವ ಕೆಲವೇ ಜನರಿದ್ದಾರೆ. ದೀರ್ಘಕಾಲ ಐಸಿಯುನಲ್ಲಿದ್ದು, ವೆಂಟಿಲೇಟರ್ ಮತ್ತು ಬಿಪಿ ಏರಿಸುವ ಔಷಧವನ್ನು ಹೆಚ್ಚು ಪ್ರಮಾಣದಲ್ಲಿ ಪಡೆದವರಲ್ಲಿ ಪಿತ್ತನಾಳಗಳಿಗೇ ರಕ್ತ ಸಿಗದೆ ಅವು ಒಳಗೊಳಗೇ ಕೊಳೆತು ಕಿರಿದಾಗುವ ಸ್ಥಿತಿ ಇದು. ಪಿತ್ತನಾಳಗಳಿಗೆ ರಕ್ತ ಬರುವುದು ಹೆಪಾಟಿಕ್ ಅಪಧಮನಿಯೊಂದರಿಂದಲೇ, ಯಕೃತ್ ಕೋಶಗಳಿಗಿರುವಂತೆ ಪೋರ್ಟಲ್ ರಕ್ತದ ಆಸರೆ ಅವಕ್ಕಿಲ್ಲ. ಇದನ್ನು ಸೆಕೆಂಡರಿ ಸ್ಕ್ಲೀರೋಸಿಂಗ್ ಕೊಲ್ಯಾಂಜೈಟಿಸ್ ಎನ್ನುತ್ತಾರೆ. ಅಲ್ಟ್ರಾಸೌಂಡ್‌ನಲ್ಲಿ ಇದು ಕಾಣದೆ ಹೋಗಬಹುದು, ಎಂಆರ್‌ಸಿಪಿ (ಪಿತ್ತನಾಳಗಳ ಎಂಆರ್‌ಐ) ಬೇಕಾಗುತ್ತದೆ, ಕೆಲವರಿಗೆ ಮುಂದೆ ಯಕೃತ್ತಿನ ಕಸಿಯವರೆಗೂ ಹೋಗಬೇಕಾಗುತ್ತದೆ. ಆದ್ದರಿಂದ ಕಾಲಿನ ಗಾಯ ಮಾಗಿತು, ಕಣ್ಣು ಬೆಳ್ಳಗಾಯಿತು ಎಂದು ಫೈಲನ್ನು ಅಟ್ಟಕ್ಕೆ ಹಾಕದೆ, ನಾಲ್ಕರಿಂದ ಆರು ವಾರಗಳಲ್ಲಿ ಒಮ್ಮೆ ಎಲ್‌ಎಫ್‌ಟಿ ಮಾಡಿಸಿ, ಹಳೆಯ ಹಾಳೆಯ ಮುಂದಿನ ಅಂಕಣದಲ್ಲಿ ಬರೆದು, ಮೈ ತುರಿಕೆ ಅಥವಾ ಚಳಿಜ್ವರ ಮರಳಿದ್ದರೆ ಅದರ ದಿನಾಂಕವನ್ನೂ ಸೇರಿಸಿ, ಆ ಹಾಳೆಯ ಸಮೇತ ವೈದ್ಯರನ್ನು ಕಾಣಬೇಕು.